ಮೈಸೂರಿನಲ್ಲಿ ಹುಟ್ಟದೆ ಹೋದ ಕಾರು

ಎಂಬತ್ತು, ತೊಂಬತ್ತು ವರ್ಷ ಹಳೆಯ ತೆರೆದ ಕಾರೊಂದಕ್ಕೆ ಟಿಂಕರಿಂಗ್ ಮಾಡಿಸಿ, ಬಣ್ಣ ಹೊಡೆಸಿ, ಹೊಸ ಕ್ಯಾನ್ವಾಸಿನ ಹುಡ್ ಹೊದಿಸಿ ಮಾರಾಟಕ್ಕಿಡುವವರು ಬೆಲೆಯ ಜೊತೆಗೆ ಅದರ ವಂಶಾವಳಿಯನ್ನೂ ಹೇಳುತ್ತಾರೆ. ಕಾರು ಡಾಡ್ಜ್ ಆಗಿದ್ದರೆ ಕಥೆ ಡೆಟ್ರಾಯಿಟ್‌ನಿಂದ ಶುರುವಾಗುತ್ತದೆ. ಫೋರ್ಡ್ ಕಂಪನಿಗೆ ಬಿಡಿಭಾಗ ಮಾಡಿಕೊಡುತ್ತಿದ್ದ ಜಾನ್ ಮತ್ತು ಹೊರೇಸ್ ಡಾಡ್ಜ್ ಎಂಬ ಅಣ್ಣತಮ್ಮಂದಿರು 1914ರಲ್ಲಿ ತಮ್ಮದೇ ಕಾರು ಹೊರತಂದರು, 1920ರಲ್ಲಿ ಒಂದೇ ವರ್ಷದೊಳಗೆ ಇಬ್ಬರೂ ತೀರಿಕೊಂಡರು, 1928ರಲ್ಲಿ ಕಂಪನಿ ವಾಲ್ಟರ್ ಕ್ರೈಸ್ಲರನ ಕೈಸೇರಿತು. ಪ್ಲಿಮತ್ ಆಗಿದ್ದರೆ, ಅದೇ 1928ರಲ್ಲಿ ಕ್ರೈಸ್ಲರ್ ಅದನ್ನು ಅಗ್ಗದ ಕಾರಾಗಿ ಹುಟ್ಟುಹಾಕಿದ್ದು, 1939ರ ಮಾದರಿಯಲ್ಲಿ ಕೈಹಚ್ಚದೆಯೇ ಹುಡ್ ತಾನಾಗಿ ಮಡಚಿಕೊಳ್ಳುವ ಏರ್ಪಾಡು ತಂದದ್ದು ಮಾರುವವರ ಬಾಯಿಗೆ ಬರುತ್ತದೆ. ಇದೆಲ್ಲ ನಿಜವೇ, ಕೇಳಲು ಸೊಗಸಾಗಿಯೂ ಇದೆ. ಆದರೆ ಕರ್ನಾಟಕದಲ್ಲಿ ಕೈ ಬದಲಾಯಿಸುವ ಆ ಕಾಲದ ಕಾರುಗಳಲ್ಲಿ ಒಂದರ ಮೂತಿಯ ಮೇಲೂ ನಮ್ಮ ನೆಲದ ಹೆಸರಿಲ್ಲ, ಅದು ಏಕೆಂದು ಈ ವಂಶಾವಳಿಗಳು ಕೇಳುವುದೂ ಇಲ್ಲ. ಬಡ ದೇಶ, ಹಿಂದುಳಿದ ಕಾಲ, ಕಾರು ಮಾಡುವುದು ನಮ್ಮಿಂದ ಎಲ್ಲಾಗುತ್ತಿತ್ತು ಎಂಬುದು ಎಲ್ಲರಿಗೂ ಸಿದ್ಧವಾಗಿರುವ ಉತ್ತರ. ಆ ಉತ್ತರ ತಪ್ಪೆಂದು ನಾನು ವಾದಿಸುತ್ತೇನೆ. ಹಳೆಯ ಮೈಸೂರಿಗೆ ಕಬ್ಬಿಣವಿತ್ತು, ಎಂಜಿನಿಯರುಗಳಿದ್ದರು, ಬಂಡವಾಳ ಹೂಡುವ ಮನಸ್ಸಿತ್ತು, ಅಮೆರಿಕದ ಕಂಪನಿಯೊಂದು ಜೊತೆಗೆ ನಿಲ್ಲಲು ಒಪ್ಪಿಯೂ ಇತ್ತು. ಇಲ್ಲದಿದ್ದದ್ದು ದೆಹಲಿಯ ಒಪ್ಪಿಗೆ.

ಮೊದಲು ಕಾಲವನ್ನು ಸರಿಯಾಗಿ ಗುರುತಿಸಿಕೊಳ್ಳಬೇಕು. ಇಂದು ತೆರೆದ ಕಾರೆಂದರೆ ಶೋಕಿಯ ವಸ್ತು. 1920ರ ದಶಕದ ಮಧ್ಯದವರೆಗೆ ಅದೇ ಸಾಧಾರಣ ಕಾರು. ಮರದ ಚೌಕಟ್ಟಿಗೆ ತಗಡು ಬಡಿದು ಮುಚ್ಚಿದ ಬಾಡಿ ಮಾಡುವುದು ದುಬಾರಿಯಾಗಿದ್ದುದರಿಂದ ಜನ ಕೊಳ್ಳುತ್ತಿದ್ದದ್ದು ಮಡಚುವ ಹುಡ್‌ನ ಟೂರರ್ ಕಾರುಗಳನ್ನೇ. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಬಹಳಷ್ಟು ಇಂಥವೇ. ಮಳೆ ಕಡಿಮೆಯಿರುವ ನಮ್ಮ ಚಿತ್ರದುರ್ಗದ ಸೀಮೆಗೆ ತೆರೆದ ಕಾರಿನಲ್ಲಿ ತೊಂದರೆಯೆಂದರೆ ಧೂಳು ಮಾತ್ರ. ಕರಾವಳಿಯಲ್ಲಿ ತಗಡನ್ನು ತಿಂದುಹಾಕುವ ತುಕ್ಕು ಈ ಒಣಗಾಳಿಯಲ್ಲಿ ಅಷ್ಟು ಬೇಗ ಹಿಡಿಯುವುದಿಲ್ಲ. ಮೋಟಾರಿನ ಅಗತ್ಯವೂ ಇಲ್ಲಿ ಹೆಚ್ಚಾಗಿಯೇ ಇತ್ತು. ಬೆಂಗಳೂರಿನಿಂದ ಹರಿಹರಕ್ಕೆ 1889ರಲ್ಲಿ ಬಂದ ರೈಲುದಾರಿ ಬೀರೂರು, ಚಿಕ್ಕಜಾಜೂರಿನ ಮೇಲೆ ಹಾದುಹೋಯಿತು. ಹೊಸದುರ್ಗಕ್ಕೆ ಸಿಕ್ಕಿದ್ದು ಊರಿಂದ ದೂರದಲ್ಲಿರುವ ‘ಹೊಸದುರ್ಗ ರೋಡ್’ ನಿಲ್ದಾಣ. ಹೊಳಲ್ಕೆರೆ ಮತ್ತು ಚಿತ್ರದುರ್ಗಗಳಿಗೆ ಚಿಕ್ಕಜಾಜೂರಿನಿಂದ ಒಂದು ಕವಲುದಾರಿ ಬಂತು. ಹಿರಿಯೂರಿಗೆ ಅದೂ ಇಲ್ಲ. ಪುಣೆ-ಬೆಂಗಳೂರು ರಸ್ತೆಯೇ ಅದರ ಜೀವನಾಡಿ. ಇಂಥ ಸೀಮೆಯ ಬದುಕಿನಲ್ಲಿ ಮೋಟಾರು ದೊಡ್ಡವರ ಅಲಂಕಾರವಾಗಿ ಉಳಿಯಲಿಲ್ಲ. ಬಸ್ಸಾಗಿ, ಲಾರಿಯಾಗಿ ಸಂತೆಗೆ, ಕೋರ್ಟಿಗೆ, ಆಸ್ಪತ್ರೆಗೆ ಹೋಗುವ ದಾರಿಯೇ ಆಯಿತು.

ಮೈಸೂರಿಗೆ ಏನು ಮಾಡಲು ಬರುತ್ತಿತ್ತು ಎಂಬುದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಕಲ್ಲಿನ ಕಟ್ಟೆ, ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರಾಗಿ ಬರುವ ಮುನ್ನವೇ ಎದ್ದು ನಿಂತಿತ್ತು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. 1923ರಲ್ಲಿ ಭದ್ರಾವತಿಯ ಕುಲುಮೆ ಕಬ್ಬಿಣ ಸುರಿಯಿತು, ಮುಂದಿನ ದಶಕದಲ್ಲಿ ಅಲ್ಲಿ ಉಕ್ಕೂ ತಯಾರಾಯಿತು. ಅದಿರು ಕೆಮ್ಮಣ್ಣುಗುಂಡಿಯದು. ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳಲ್ಲೂ ಕಬ್ಬಿಣ ಮತ್ತು ಮ್ಯಾಂಗನೀಸ್ ಇದ್ದವು. ಇವುಗಳಿಗಿಂತ ಹೆಚ್ಚು ತೂಕದ ಸಾಕ್ಷಿ ಹರಿಹರದ್ದು. 1941ರಲ್ಲಿ, ಆಗ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ಹರಿಹರದಲ್ಲಿ, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನೆಲೆಯೂರಿತು. ಅಲ್ಲಿ ತಯಾರಾದದ್ದು ಲೇತು. ಕಾರು ಮಾಡಬೇಕಾದರೆ ಮೊದಲು ಬೇಕಾಗುವುದು ಕಬ್ಬಿಣವನ್ನು ಕೂದಲೆಳೆಯ ಲೆಕ್ಕದಲ್ಲಿ ಕಡೆಯಬಲ್ಲ ಯಂತ್ರ. ಆ ಯಂತ್ರವನ್ನೇ ಮಾಡುವ ಕಾರ್ಖಾನೆ ಯುದ್ಧದ ನಡುವೆ ನಮ್ಮ ಜಿಲ್ಲೆಯಲ್ಲಿ ಕಣ್ಣುಬಿಟ್ಟಿತ್ತು. ಅದು ಮಾಡಿದ ‘ಎಂಟರ್‌ಪ್ರೈಸ್’ ಲೇತುಗಳು ಮುಂದೆ ನಾಡಿನ ಎಷ್ಟೋ ವರ್ಕ್‌ಶಾಪುಗಳಲ್ಲಿ ದಶಕಗಟ್ಟಲೆ ತಿರುಗಿದವು. ಲೇತು ಮಾಡಬಲ್ಲ ನಾಡಿಗೆ ಕಾರು ಮಾಡುವ ಯೋಗ್ಯತೆಯಿರಲಿಲ್ಲ ಎನ್ನುವವರು ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಕಾರಿನ ಯೋಚನೆ ಹುಟ್ಟಿದ್ದು ಇದಕ್ಕೂ ಮೊದಲೇ. ದಿವಾನಗಿರಿ ಬಿಟ್ಟು ಹದಿನಾರು ವರ್ಷಗಳ ನಂತರ, 1934ರಲ್ಲಿ ವಿಶ್ವೇಶ್ವರಯ್ಯನವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದರು. ಮಾರನೆಯ ವರ್ಷ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಮತ್ತು ಅಮೆರಿಕ ಸುತ್ತಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದರು. 1936ರಲ್ಲಿ ಭಾರತದಲ್ಲೇ ಕಾರು ಮತ್ತು ಲಾರಿ ತಯಾರಿಸುವ ಯೋಜನೆಯನ್ನು ಮುಂಬಯಿಯ ಉದ್ಯಮಿಗಳ ಮುಂದಿಟ್ಟರು. ಅದನ್ನು ಗಟ್ಟಿಯಾಗಿ ಹಿಡಿದವರು ವಾಲ್‌ಚಂದ್ ಹೀರಾಚಂದ್. 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಅಧಿಕಾರಕ್ಕೆ ಬಂದ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲ, ಹೂಡಿಕೆದಾರರ ಬಂಡವಾಳದ ಬಡ್ಡಿಗೆ ಸರ್ಕಾರದ ಖಾತರಿ ನೀಡಲು ಒಪ್ಪಿತು. ಕೆಲಸ ದಡ ಮುಟ್ಟಿತೆನ್ನುವಾಗ, ಭಾರತೀಯರನ್ನು ಒಂದು ಮಾತೂ ಕೇಳದೆ ವೈಸರಾಯ್ ದೇಶವನ್ನು ಯುದ್ಧಕ್ಕೆ ಇಳಿಸಿದ್ದನ್ನು ಪ್ರತಿಭಟಿಸಿ 1939ರ ನವೆಂಬರಿನಲ್ಲಿ ಆ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಖಾತರಿಯೂ ಅದರೊಂದಿಗೆ ಹೋಯಿತು. ಯೋಜನೆ ತಯಾರಿಸಿದವರ ಲೆಕ್ಕ ತಪ್ಪಿ ಇದು ನಿಂತದ್ದಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು.

ಆ ಹೊತ್ತಿಗೆ ಭಾರತದ ರಸ್ತೆಗಳಲ್ಲಿ ಓಡುತ್ತಿದ್ದ ಕಾರುಗಳು ಬರುತ್ತಿದ್ದ ದಾರಿಯನ್ನೂ ನೋಡಬೇಕು. ಫೋರ್ಡ್ 1926ರಲ್ಲಿ ಭಾರತಕ್ಕೆ ಕಾಲಿಟ್ಟಿತು, ಅದೂ ಕೆನಡಾದ ಫೋರ್ಡ್ ಕಂಪನಿಯ ಅಂಗವಾಗಿ.  ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಜೋಡಣೆಯ ಕಾರ್ಖಾನೆ ತೆರೆಯಿತು. ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಹಡಗೇರಿ ಬರುತ್ತಿದ್ದವು. ಇಲ್ಲಿನ ಕೆಲಸಗಾರರು ಬೋಲ್ಟು ಬಿಗಿದು, ಬಣ್ಣ ಬಳಿದು, ರಸ್ತೆಗಿಳಿಸುತ್ತಿದ್ದರು. ಸರ್ಕಾರಕ್ಕೆ ಬಂದರಿನಲ್ಲಿ ಸುಂಕ ಸಿಗುತ್ತಿತ್ತು, ಕಂಪನಿಗಳಿಗೆ ಲಾಭ ಸಿಗುತ್ತಿತ್ತು. ಎಂಜಿನ್ ಎರಕ ಹೊಯ್ಯುವ, ಗೇರು ಕಡೆಯುವ ವಿದ್ಯೆ ಮಾತ್ರ ಇಲ್ಲಿಗೆ ಇಳಿಯಲೇ ಇಲ್ಲ. ಇಂದು ಮಾರಾಟಕ್ಕೆ ಬರುವ ಆ ಕಾಲದ ಷೆವರ್ಲೆಯೋ ಫೋರ್ಡೋ ಎಷ್ಟೋ ಸಲ ಈ ಜೋಡಣೆಯ ಕೂಸು. ಅದರ ವಂಶಾವಳಿಯಲ್ಲಿ ಡೆಟ್ರಾಯಿಟ್ ಮತ್ತು ಕೆನಡಾದ ಒಂಟಾರಿಯೊ ಇರುತ್ತವೆ. ಅದನ್ನು ಜೋಡಿಸಿದ ಕೈಗಳಿಗೆ ಅಲ್ಲಿ ಜಾಗವಿಲ್ಲ.

ಈಗ 1940ಕ್ಕೆ ಬರುತ್ತೇನೆ. ನನ್ನ ವಾದ ನಿಲ್ಲುವುದೋ ಬೀಳುವುದೋ ಈ ವರ್ಷದ ಮೇಲೆ. ವಾಲ್‌ಚಂದ್ ಅಮೆರಿಕಕ್ಕೆ ಹೋಗಿ ಅಲ್ಲಿನ ದೊಡ್ಡ ಕಂಪನಿಗಳ ಬಾಗಿಲು ತಟ್ಟಿದರು. ಫೋರ್ಡ್‌ನಿಂದ ಫಲ ಸಿಗಲಿಲ್ಲ. ಕ್ರೈಸ್ಲರ್ ಒಪ್ಪಿತು. ಇತ್ತ ಮೈಸೂರಿನಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರ ಬೆಂಗಳೂರಿನಲ್ಲಿ ಕಟ್ಟಲಿರುವ ಕಾರ್ಖಾನೆಗೆ ನೆರವು ಕೊಡಲು ಮುಂದೆ ಬಂತು. ಆದರೆ ಮೈಸೂರು ಸ್ವತಂತ್ರ ರಾಜ್ಯವಲ್ಲ. ಮಹಾರಾಜರ ಮೇಲೆ ರೆಸಿಡೆಂಟ್, ರೆಸಿಡೆಂಟನ ಮೇಲೆ ವೈಸರಾಯ್. ಯಂತ್ರ ತರಿಸಲು ಬೇಕಾದ ಡಾಲರು, ಹಡಗಿನಲ್ಲಿ ಜಾಗ, ಬಂದರಿನ ಸುಂಕ, ಮೂರೂ ಭಾರತ ಸರ್ಕಾರದ ಕೈಯಲ್ಲಿದ್ದವು. ಮೋಟಾರು ತಯಾರಿಕೆ ಯುದ್ಧದ ಕೆಲಸಕ್ಕೆ ಸೇರಿದ್ದಲ್ಲ ಎಂದು ಆ ಸರ್ಕಾರ ಬಾಗಿಲು ಹಾಕಿತು. ವಿಶ್ವೇಶ್ವರಯ್ಯನವರು 1951ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ಈ ಪ್ರಯತ್ನಕ್ಕೆ ಜಾಗ ಕೊಟ್ಟಿದ್ದಾರೆ. ಇನ್ನು 1940ರದೇ ಡಿಸೆಂಬರಿನಲ್ಲಿ ನಡೆದದ್ದನ್ನು ನೋಡಿ. ಅಮೆರಿಕದ ಪ್ರಯಾಣದಲ್ಲಿ ವಾಲ್‌ಚಂದ್‌ಗೆ ವಿಲಿಯಂ ಪಾಲೆ ಎಂಬ ವಿಮಾನ ಉದ್ಯಮಿಯ ಪರಿಚಯವಾಗಿತ್ತು. ಆ ಪರಿಚಯದ ಫಲವಾಗಿ 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಮೈಸೂರು ಸರ್ಕಾರ ನೆಲ ಕೊಟ್ಟಿತು, ಬಂಡವಾಳದಲ್ಲಿ ಪಾಲು ಹಾಕಿತು. ಏಳು ತಿಂಗಳಲ್ಲಿ, 1941ರ ಜುಲೈಯಲ್ಲಿ, ಅಲ್ಲಿ ಜೋಡಿಸಿದ ಹಾರ್ಲೋ ವಿಮಾನ ಆಕಾಶಕ್ಕೇರಿತು. ಅದೇ ಉದ್ಯಮಿ, ಅದೇ ರಾಜ್ಯ, ಅದೇ ಖಜಾನೆ, ಅದೇ ಅಮೆರಿಕದ ಯಂತ್ರಗಳು. ವಿಮಾನ ಬ್ರಿಟಿಷರಿಗೆ ಬೇಕಿತ್ತು, ಬಂತು. ಕಾರು ಬೇಕಿರಲಿಲ್ಲ, ಬರಲಿಲ್ಲ. ಯೋಗ್ಯತೆಯ ಕೊರತೆಯೇ ಕಾರಣವಾಗಿದ್ದರೆ ಮೊದಲು ಬೀಳಬೇಕಾಗಿದ್ದದ್ದು ಹೆಚ್ಚು ಕಷ್ಟದ ವಿಮಾನವೇ ಹೊರತು ಕಾರಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಯುದ್ಧದ್ದೇ. ಹಿಟ್ಲರನ ಸೇನೆ ಫ್ರಾನ್ಸನ್ನು ನುಂಗಿದ್ದ ವರ್ಷದಲ್ಲಿ ಡಾಲರನ್ನು ಉಳಿಸಿ ಬಳಸುವುದು ಯಾವ ಸರ್ಕಾರಕ್ಕಾದರೂ ಅನಿವಾರ್ಯವಲ್ಲವೇ? ಮಾತಿನಲ್ಲಿ ಹುರುಳಿದೆ. ವಿನೋದದ ತೆರೆದ ಕಾರಿಗೆ ಹಡಗಿನಲ್ಲಿ ಜಾಗ ಕೊಡದಿದ್ದರೆ ನಾನು ತಕರಾರು ಮಾಡುತ್ತಿರಲಿಲ್ಲ. ಆದರೆ ಯೋಜನೆಯಲ್ಲಿದ್ದದ್ದು ಕಾರಷ್ಟೇ ಅಲ್ಲ, ಲಾರಿ ಕೂಡ. ಆ ಯುದ್ಧ ನಡೆದದ್ದೇ ಲಾರಿಗಳ ಮೇಲೆ. ಕೆನಡಾದ ಕಾರ್ಖಾನೆಗಳು ಸೇನೆಗಾಗಿ ಲಕ್ಷಗಟ್ಟಲೆ ಲಾರಿಗಳನ್ನು ತಯಾರಿಸಿ ಸಾಗರದಾಚೆ ಕಳಿಸಿದವು. ಭಾರತದಲ್ಲೇ ಸಾವಿರಾರು ಕವಚದ ಮೋಟಾರು ಗಾಡಿಗಳನ್ನು ಮಾಡಿದರು. ಉಕ್ಕಿನ ಕವಚ ಟಾಟಾನಗರದ್ದು, ಕೆಳಗಿನ ಚಾಸಿಸ್ ಮಾತ್ರ ಕೆನಡಾದ ಫೋರ್ಡಿನದು. ಗುಂಡು ತಡೆಯುವ ಉಕ್ಕನ್ನು ಮಾಡಿಕೊಡಬಲ್ಲ ದೇಶಕ್ಕೆ ಚಾಸಿಸ್ ಹಡಗಿನಲ್ಲಿ ಬರಬೇಕಾಗಿತ್ತು ಎಂದರೆ, 1936ರ ಯೋಜನೆಯನ್ನು ಮೊದಲೇ ಕೈಗೆತ್ತಿಕೊಂಡಿದ್ದರೆ ಯುದ್ಧಕ್ಕೇ ಎಷ್ಟು ಅನುಕೂಲವಾಗುತ್ತಿತ್ತೆಂದು ಲೆಕ್ಕ ಹಾಕಬಹುದು. ಡಾಲರಿನ ನೆಪಕ್ಕೂ ಮಿತಿಯಿದೆ. 1936ರಿಂದ 1939ರವರೆಗೆ ಯುದ್ಧವೂ ಇರಲಿಲ್ಲ, ಡಾಲರಿನ ಬಿಕ್ಕಟ್ಟೂ ಇರಲಿಲ್ಲ. ಆಗಲೂ ಭಾರತ ಸರ್ಕಾರ ಕೈ ನೀಡಲಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಕಾರು ಕೊಳ್ಳುವವರು ಬೆರಳೆಣಿಕೆಯಷ್ಟಿದ್ದ ದೇಶದಲ್ಲಿ, ಕ್ರೈಸ್ಲರನ ನಕ್ಷೆ ಎರವಲು ತಂದು ಕಾರು ಮಾಡಿದರೆ ಅದು ನಮ್ಮದು ಹೇಗಾಗುತ್ತದೆ, ಕಾರ್ಖಾನೆ ಉಳಿಯುವುದಾದರೂ ಹೇಗೆ? ಇದಕ್ಕೆ ಉತ್ತರ ಜಪಾನಿನಲ್ಲಿದೆ. ಫೋರ್ಡ್ 1925ರಲ್ಲಿ ಯೊಕೊಹಾಮಾದಲ್ಲಿ, ಜನರಲ್ ಮೋಟಾರ್ಸ್ 1927ರಲ್ಲಿ ಒಸಾಕಾದಲ್ಲಿ ಜೋಡಣೆ ಶುರುಮಾಡಿದ್ದವು. ನಮ್ಮಲ್ಲಿಗೆ ಬಂದ ಅದೇ ಎರಡು ಕಂಪನಿಗಳು, ಹೆಚ್ಚುಕಡಿಮೆ ಅದೇ ವರ್ಷಗಳು. ವಿಶ್ವೇಶ್ವರಯ್ಯನವರು ಮುಂಬಯಿಯಲ್ಲಿ ಯೋಜನೆ ಹಂಚುತ್ತಿದ್ದ 1936ರಲ್ಲೇ ಜಪಾನಿನ ಸರ್ಕಾರ ದೇಶೀಯ ತಯಾರಕರಿಗೆ ಲೈಸೆನ್ಸು ಮತ್ತು ರಕ್ಷಣೆ ಕೊಡುವ ಮೋಟಾರು ತಯಾರಿಕೆಯ ಕಾಯಿದೆ ತಂದಿತು. ಆ ವರ್ಷವೇ ನೇಯ್ಗೆಯ ಮಗ್ಗ ಮಾಡುತ್ತಿದ್ದ ಟೊಯೊಡಾ ಕಂಪನಿ ತನ್ನ ಮೊದಲ ಕಾರು ‘ಎಎ’ ಹೊರತಂದಿತು. ಅದರ ಆಕಾರ ಕ್ರೈಸ್ಲರನ ಏರ್‌ಫ್ಲೋ ಕಾರನ್ನು ನೋಡಿ ಮಾಡಿದ್ದು, ಎಂಜಿನ್ ಷೆವರ್ಲೆಯದನ್ನು ನೋಡಿ ಮಾಡಿದ್ದು. ಅದರ ಮಡಚುವ ಹುಡ್‌ನ ತೆರೆದ ರೂಪವೇ ‘ಎಬಿ’. ಅಷ್ಟೂ ವರ್ಷಗಳಲ್ಲಿ ತಯಾರಾದ ಎಎ ಕಾರುಗಳು ಸುಮಾರು 1,400, ಎಬಿ ಅದರ ಕಾಲುಭಾಗದಷ್ಟು. ಇಷ್ಟು ಸಣ್ಣ ಆರಂಭ, ಇಷ್ಟು ಎರವಲು. ಆದರೂ ಯಾರೂ ಅದನ್ನು ಅಮೆರಿಕದ ಕಾರು ಎನ್ನಲಿಲ್ಲ. ಜಪಾನಿನ ಸೇನೆ ಲಾರಿ ಕೊಂಡದ್ದರಿಂದ, ಮುಂದೆ ಟೊಯೊಟಾ ಎಂಬ ಹೆಸರು ಪಡೆದ ಆ ಮೋಟಾರು ಉದ್ಯಮ ಉಳಿಯಿತು, 1950ರಲ್ಲಿ ಮುಳುಗುವ ಸ್ಥಿತಿಗೆ ಬಂದಾಗ ಕೊರಿಯಾ ಯುದ್ಧದ ಆರ್ಡರುಗಳು ಅದನ್ನು ಎತ್ತಿದವು ಎಂಬುದೂ ಸತ್ಯ. ಆ ಸತ್ಯ ನನ್ನ ವಾದವನ್ನು ದುರ್ಬಲಗೊಳಿಸುವುದಿಲ್ಲ. ಮೋಟಾರು ಉದ್ಯಮ ಎಲ್ಲಿಯೇ ಎದ್ದು ನಿಂತಿರಲಿ, ಎಳೆತನದಲ್ಲಿ ಅದರ ಬೆನ್ನಿಗೆ ಒಂದು ಸರ್ಕಾರ ನಿಂತಿತ್ತು. ಮೈಸೂರಿನ ಬೆನ್ನಿಗೆ ನಿಲ್ಲಬೇಕಾಗಿದ್ದ ಸರ್ಕಾರವೇ ಎದುರಿಗೆ ನಿಂತಿತು.

ಸ್ವಾತಂತ್ರ್ಯದ ನಂತರ ಆದದ್ದೇನು ಎಂದು ಕೇಳುವವರೂ ಇದ್ದಾರೆ. ವಾಲ್‌ಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಕಟ್ಟಿದರು. 1947ರಲ್ಲಿ ಮುಂಬಯಿಯ ಕುರ್ಲಾದಿಂದ ಕ್ರೈಸ್ಲರನ ಡಾಡ್ಜ್, ಪ್ಲಿಮತ್, ಡಿ ಸೋಟೊ ಗಾಡಿಗಳು ಹೊರಬಂದವು. ಹೊಸ ಸರ್ಕಾರ ಜೋಡಣೆಯೊಂದೇ ಸಾಲದು, ಇಲ್ಲೇ ತಯಾರಿಸಬೇಕು ಎಂದು ಪಟ್ಟು ಹಿಡಿದಾಗ 1950ರ ದಶಕದ ಮೊದಲರ್ಧದಲ್ಲಿ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಇಲ್ಲಿಂದ ಕಾಲ್ತೆಗೆದವು. ಉಳಿದವರು ಮುಂದಿನ ಮೂವತ್ತು ವರ್ಷ ಸ್ಪರ್ಧೆಯ ಬಿಸಿ ತಟ್ಟದೆ ಹಳೆಯ ಮಾದರಿಗಳನ್ನೇ ಮಾರಿದರು. ರಕ್ಷಣೆಯಿಂದ ಬಂದದ್ದು ಇದೇ ಆದರೆ, ಬೆಂಗಳೂರಿನ ಕಾರು ಹುಟ್ಟಿದ್ದರೂ ಇದೇ ಹಾದಿ ಹಿಡಿಯುತ್ತಿರಲಿಲ್ಲವೇ? ಹಿಡಿಯುತ್ತಿತ್ತೋ ಏನೋ. ಅದು ಒಳ್ಳೆಯ ಕಾರಾಗುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಕಾರ್ಖಾನೆಯೊಂದು ಬಂದರೆ ಕಾರಿನ ಜೊತೆಗೆ ಬೇರೆಯದೂ ಬರುತ್ತದೆ. ಎರಕದವರು, ಸ್ಪ್ರಿಂಗ್ ಮಾಡುವವರು, ಗೇರು ಕಡೆಯುವವರು, ರಬ್ಬರಿನವರು, ಇವರೆಲ್ಲರಿಗೆ ಕಲಿಸುವ ಶಾಲೆಗಳು. ವಿಮಾನ ಕಾರ್ಖಾನೆ ಬಂದದ್ದರಿಂದ ಬೆಂಗಳೂರಿಗೆ ಏನಾಯಿತೆಂದು ನಮಗೆ ಗೊತ್ತಿದೆ. ಯುದ್ಧ ಮುಗಿದ ಮೇಲೆ ಅದೇ ಕಾರ್ಖಾನೆ ರೈಲಿನ ಬೋಗಿಗಳನ್ನೂ ಬಸ್ಸಿನ ಬಾಡಿಗಳನ್ನೂ ಕಟ್ಟಿತು. ಕಾರ್ಖಾನೆಗೆ ಅವಕಾಶ ಸಿಕ್ಕಿದ್ದರೆ ಮೋಟಾರು ವಿದ್ಯೆ 1940ರ ದಶಕದಲ್ಲೇ ಪುಣೆ ರಸ್ತೆಗುಂಟ ತುಮಕೂರು, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರಗಳಿಗೆ ಹಬ್ಬಲು ದಾರಿಯಿತ್ತು. ಒಂದು ತುದಿಯಲ್ಲಿ ಬೆಂಗಳೂರು, ಇನ್ನೊಂದು ತುದಿಯಲ್ಲಿ ಲೇತಿನ ಹರಿಹರ. ನಮ್ಮ ಜಿಲ್ಲೆ ಕಳೆದುಕೊಂಡದ್ದು ಇದನ್ನು.

ಹರಿಹರದ ಕಥೆಗೆ ಒಂದು ಉತ್ತರಾರ್ಧವಿದೆ. 1997ರ ಆಗಸ್ಟಿನಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗಿ ಹರಿಹರ ಚಿತ್ರದುರ್ಗದ ಕೈಬಿಟ್ಟಿತು. ಆ ವರ್ಷವೇ ಕಿರ್ಲೋಸ್ಕರ್ ಸಮೂಹ ಟೊಯೊಟಾದೊಂದಿಗೆ ಕೈಜೋಡಿಸಿ ಕಂಪನಿ ಕಟ್ಟಿತು. 1999ರ ಕೊನೆಗೆ ಬಿಡದಿಯಲ್ಲಿ ಕ್ವಾಲಿಸ್ ಗಾಡಿಗಳು ತಯಾರಾಗತೊಡಗಿದವು. 1936ರಲ್ಲಿ ಕ್ರೈಸ್ಲರನ ಕಾರು ನೋಡಿ ಪಾಠ ಕಲಿತ ಕಂಪನಿ, 1940ರಲ್ಲಿ ಕ್ರೈಸ್ಲರನೊಂದಿಗೆ ಕಾರು ಮಾಡಲು ಹೊರಟಿದ್ದ ನಾಡಿಗೆ ಅರವತ್ತು ವರ್ಷಗಳ ನಂತರ ಗುರುವಾಗಿ ಬಂತು. ಬಿಡದಿಯ ಉದ್ಯೋಗಗಳನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಗುರು ಯಾರು, ಶಿಷ್ಯ ಯಾರು ಎಂಬುದು ತೀರ್ಮಾನವಾದದ್ದು 1936 ಮತ್ತು 1940ರಲ್ಲಿ, ಜಪಾನ್ ಮತ್ತು ಭಾರತದ ಸರ್ಕಾರಗಳ ಮೇಜಿನ ಮೇಲೆ.

ಹಾಗಾದರೆ ಮಾರಾಟಕ್ಕೆ ನಿಂತಿರುವ ಹಳೆಯ ತೆರೆದ ಕಾರಿನ ಚರಿತ್ರೆಯನ್ನು ಹೇಗೆ ಬರೆಯಬೇಕು? ತಯಾರಕನ ಹೆಸರು ಇರಲಿ, ವರ್ಷ ಇರಲಿ. ಅದರೊಂದಿಗೆ ಅದು ಯಾವ ಬಂದರಿನಲ್ಲಿ ಇಳಿಯಿತು, ಎಲ್ಲಿ ಜೋಡಣೆಯಾಯಿತು, ಇಲ್ಲಿ ಯಾವ ಯಾವ ಭಾಗಗಳು ಹೊಸದಾದವು ಎಂಬುದೂ ಇರಬೇಕು. ಎಂಬತ್ತು ವರ್ಷ ಹಳೆಯ ಎಂಜಿನ್ನಿಗೆ ಬೇಕಾದ ಬುಷ್ಷು, ಪಿನ್ನು, ಷಾಫ್ಟು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಲೇತಿನವನು ಹಳೆಯ ತುಂಡನ್ನು ಅಳೆದು ಹೊಸದನ್ನು ಕಡೆದುಕೊಡಬೇಕು. ಸಿಲಿಂಡರನ್ನು ರೀಬೋರ್ ಮಾಡಿಸಬೇಕು, ರೇಡಿಯೇಟರಿಗೆ ಬೆಸುಗೆ ಹಾಕಿಸಬೇಕು, ಕುಶನ್ ಕೆಲಸದವನು ಹುಡ್‌ನ ಕ್ಯಾನ್ವಾಸನ್ನು ಕಮಾನುಗಳಿಗೆ ಬಿಗಿದು ಹೊಲಿಯಬೇಕು. ಕಾರ್ಖಾನೆ ಬರದ ನಾಡಿನಲ್ಲಿ ಮೋಟಾರು ವಿದ್ಯೆ ಉಳಿದದ್ದು ಈ ಗ್ಯಾರೇಜುಗಳಲ್ಲಿ. ಕೊಳ್ಳುವವರು ಕೇಳಬೇಕಾದ ಮೊದಲ ಕಾಗದ ಈ ಕೆಲಸದ ಲೆಕ್ಕ. ಕಾನೂನಿನ ದೃಷ್ಟಿಯಿಂದಲೂ ಅದು ಅಗತ್ಯ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ಭಾಗದ ಪ್ರಕಾರ, ಚಾಸಿಸ್, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆಯಾಗದೆ ಮೂಲ ರೂಪದಲ್ಲಿರುವ, 50 ವರ್ಷ ಮೀರಿದ ವಾಹನಕ್ಕೆ ಮಾತ್ರ ವಿಂಟೇಜ್ ನೋಂದಣಿ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000. ನಂಬರಿನ ನಡುವೆ ‘ವಿಎ’ ಅಕ್ಷರಗಳಿರುತ್ತವೆ. ಮಾರಿದವರೂ ಕೊಂಡವರೂ 90 ದಿನಗಳೊಳಗೆ ಸಾರಿಗೆ ಇಲಾಖೆಗೆ ತಿಳಿಸಬೇಕು. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿ, ಪೆಟ್ರೋಲ್ ತುಂಬಿಸುವುದು, ಇಂಥ ಕೆಲಸಗಳಿಗಲ್ಲದೆ ಅದನ್ನು ದಿನವೂ ರಸ್ತೆಗಿಳಿಸುವಂತಿಲ್ಲ.

ಈ ನಿಯಮ ಎರಡು ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಅನ್ವಯಿಸುತ್ತದೆ. 1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾ ಬೈಕುಗಳು ಅದರೊಳಗೆ ಬರುತ್ತವೆ. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದ ಬಾದಲ್ ಕಾರಿಗೆ ಇದ್ದದ್ದು ಮೂರು ಚಕ್ರ, ಹಾಗಾಗಿ ಅದು ಹೊರಗೆ. ಅದನ್ನು ತಯಾರಿಸಿದ ಸಿಪಾನಿ ಕಂಪನಿಯೇ 1982ರಲ್ಲಿ ಹೊರತಂದ ನಾಲ್ಕು ಚಕ್ರದ ಡಾಲ್ಫಿನ್‌ಗೆ 50 ತುಂಬುವುದು 2032ಕ್ಕೆ. 1940ರಲ್ಲಿ ಬೆಂಗಳೂರಿನ ಕಾರ್ಖಾನೆಗೆ ಒಪ್ಪಿಗೆ ಸಿಕ್ಕಿ, ಅದರ ಮೊದಲ ಕಾರು ಯುದ್ಧ ಮುಗಿದ ಮೇಲೆಯೇ ಹೊರಬಂದಿದ್ದರೂ, ಅದಕ್ಕೆ 50 ತುಂಬುತ್ತಿದ್ದದ್ದು 1990ರ ದಶಕದಲ್ಲಿ.